ನೆನಿಹಾಕದ ಗೋಧಿ

ಪಾಡ್ಯದ ಹಿಂದಿನ ದಿನ ಫೋನು.
ಆರು ದೀಪಾವಳಿ ಆದಮ್ಯಾಗ ಅಕ್ಕನ ದನಿ:
"ನಾಳಿ ರಾತ್ರಿ ಊಟಕ್ಕ ಎಲ್ಲಾರೂ ಬರತಾರ. ನೀನೂ ಬಾ.
ಏನರೆ ಸಿಹಿ ತಾ."
ಇಟ್ಟೇಬಿಟ್ಟಳು.

ಏನರೆ ಅಂದ್ರ ಏನು?
ಫಾಲ್ ಹಚ್ಚೂ ಸೀರಿ ಇನ್ನೂ ಹನ್ನೊಂದು ಉಳದಿದ್ವು,
ಸೂಜ್ಯಾಗ ದಾರ ಹೋಗವಲ್ದು,
ಏನರೆ ಏನರೆ ಏನರೆ ಅಂತ
ಸರುವೊತ್ತಿನ ತನಕ ಮಷೀನು ಬಡಕೊಂತು.

ಮರುದಿನ ಮಧ್ಯಾಹ್ನ ದುರ್ಗದಬೈಲು.
ಚೆಂಡುಹೂವಿನ ರಾಶಿ, ಬಾಳಿಕಂದು, ಹಣತಿ ಮಾರೋರ ಜಗಳ,
ಕಾಲಿಡಾಕ ಜಾಗ ಇಲ್ಲ.
ಮಿಠಾಯಿ ಅಂಗಡಿ ಗಾಜಿನ ಮುಂದ ನಿಂತೆ
ಓದದs ಪರೀಕ್ಷಾಕ್ಕ ಬಂದ ಹುಡುಗಿಯಂಗ.

ಪೇಢೆ ಒಯ್ಯಲೇನು?
ಪೇಢೆ ಬೀಗರಿಗೆ ಒಯ್ಯೂದು, ಸಾಹೇಬರ ಟೇಬಲ್ ಮ್ಯಾಲಿಡೂದು,
ಹುಡುಗ ಪಾಸಾದರ ಓಣಿಗೆಲ್ಲಾ ಹಂಚೂದು.
ಒಡಹುಟ್ಟಿದಾಕಿಗೆ ಪೇಢೆ ಒಯ್ದರ
ನಾ ಪಾಸಾದೆನೋ, ಫೇಲಾದೆನೋ?

ಅಂಟಿನುಂಡಿ ಬಾಣಂತಿಗೆ.
ಕರದಂಟು ಬ್ಯಾಡ, ಅಕ್ಕನ ದವಡಿಹಲ್ಲು ಕಿತ್ತಾರಂತ.
ಆ ಸುದ್ದೀನೂ ಮೂರನೇದವರ ಬಾಯಿಲೆ ಕೇಳೂ ಹಂಗಾತು.
ಶೇಂಗಾ ಹೋಳಿಗಿ ಅಕ್ಕನ ಕೈಯಾಂದು,
ಅದಕ್ಕ ಸರಿಗಟ್ಟಾಕ ಹೋದರ ಇನ್ನಾರು ವರ್ಷ.
ಮಾಮಾಗ ಸಕ್ಕರಿ ಬ್ಯಾನಿ ಅಂದೆ;
ಸಕ್ಕರಿ ಇಲ್ಲದ ಬರ್ಫಿ ಅಂತ ಒಂದು ಡಬ್ಬಿ ತೋರಿಸಿದ ಅಂಗಡಿಯಂವ.
ಹಬ್ಬದ ದಿನ ಸುಳ್ಳು ಯಾಕ ಒಯ್ಯಲಿ.

ಖರೇ ಹೇಳಬೇಕಂದ್ರ
ಗಾಜಿನ ಈ ಕಡೆ ನಿಂತಾಗನ ಗೊತ್ತಿತ್ತು:
ನಮ್ಮನಿ ಪಾಡ್ಯಕ್ಕ ಸಿಹಿ ಒಂದ,
ಗೋಧಿ ಹುಗ್ಗಿ.
ಬೆಲ್ಲ, ಗಸಗಸಿ, ಹೆರೆದ ಒಣಕೊಬ್ಬರಿ,
ಅವ್ವನ ಹಿತ್ತಾಳಿ ಬೋಗಾಣಿ.

ಆ ಬೋಗಾಣಿ.
ಅವ್ವನ ದಿವಸ ಮುಗಿದ ಮರುದಿನ ಭಾಂಡೆ ಹಂಚೂಮುಂದ
ಅಕ್ಕ ಅದರ ಕಂಠಕ್ಕ ಕೈ ಹಾಕಿದಳು.
ನಾ ಏನೂ ಅನಬಾರದಿತ್ತು. ಅಂದೆ:
"ಬೋಗಾಣಿ ಒಯ್ತಿ, ಅವ್ವನ ಕೈ ಎಲ್ಲಿಂದ ತರ್ತಿ?"
ಕಲಾಯಿ ಹೋದ ಭಾಂಡೇದಾಗ ಇಟ್ಟ ಮಜ್ಜಿಗಿಯಂಗ
ಆರು ವರ್ಷ ಕಿಲುಬಿತು ಆ ಮಾತು.

ಎರಡು ಸೇರು ಕುಟ್ಟಿದ ಗೋಧಿ, ಒಂದು ಪೆಂಟಿ ಬೆಲ್ಲ
ಕಟ್ಟಿಸಿಕೊಂಡೆ.

ಗದಗ ಬಸ್ಸು. ಅಣ್ಣಿಗೇರಿ ದಾಟೂತನಕ ನಿಂತೇ ಇದ್ದೆ
ಚೀಲ ಎದಿಗವಚಿಕೊಂಡು.
ಯಾರದೋ ತೊಡಿಮ್ಯಾಲಿನ ಕೂಸು ಬೆಲ್ಲದ ವಾಸನಿಗೆ
ನನ್ನ ಸೆರಗ ಜಗ್ಗತಿತ್ತು.
ಬೆಟಗೇರಿ ಓಣಿಯೊಳಗ ಹೊಕ್ಕಾಗ ನೆನಪಾತು,
ಗೋಧಿ ನೆನಿಹಾಕಿಲ್ಲ.
ಆವಾಗ ನೆನಪಾತೋ, ಮೊದಲ ಗೊತ್ತಿತ್ತೋ,
ನನ್ನ ಕೇಳಬ್ಯಾಡ್ರಿ.

ಅಕ್ಕ ಬಾಗಿಲದಾಗ. ಮೈ ಸಣ್ಣಾಗೇತಿ.
ಬಾ ಅನ್ನಲಿಲ್ಲ, ಚೀಲ ಇಸಕೊಂಡಳು,
ಹಿಡಿ ಗೋಧಿ ತಗದು ಅಂಗೈಯಾಗ ತಿಕ್ಕಿ ಊದಿ,
"ಒಣಗೋಧಿ ತಂದೀಯಲ್ಲs ಶಕ್ಕೂ!
ಸಿಹಿ ತಾ ಅಂದ್ರ ಕೆಲಸ ತಂದಿ.
ನಾಕ ತಾಸರೆ ನೆನೀಬೇಕು ಇದು, ಊಟ ಯಾವಾಗ?"

ಪಡಸಾಲ್ಯಾಗ ಮಂದಿ ಕುಂತಿದ್ರು.
ಫಕ್ಕೀರಪ್ಪ ಮಾಮಾ ಎರಡು ಸಲ ಗಡಿಯಾರ ನೋಡಿ
ಚುರಮುರಿ ಬುಟ್ಟಿ ಹತ್ರ ಎಳಕೊಂಡ.

ಅಕ್ಕ ಅಟ್ಟದಿಂದ ಬೋಗಾಣಿ ಇಳಿಸಿದಳು,
ಕೆಳಗ ನಿಂತು ನಾ ಹಿಡಕೊಂಡೆ.
ಒಳಗ ಹೊಸಾ ಕಲಾಯಿ,
ನನ್ನ ಮಾರಿ ಕಾಣೂವಷ್ಟು ಬೆಳ್ಳಗ.
ಯಾವಾಗ ಹಾಕಿಸಿದಿ ಅಂತ ನಾ ಕೇಳಲಿಲ್ಲ.

ಗೋಧಿ ಮುಳುಗೂವಷ್ಟು ನೀರು ಹಾಕಿ
ಆಜೂಬಾಜೂ ಕುಂತ್ವಿ.
ಮಾಡಾಕ ಏನೂ ಇರಲಿಲ್ಲ.
ಹೊರಗ ಯಾವುದೋ ಹುಡುಗ ಸರ ಪಟಾಕಿ ಹಚ್ಚಿದ,
ಅರ್ಧ ಹಾರಿತು, ಅರ್ಧ ಠುಸ್ ಅಂತು.

ಆಮ್ಯಾಲೆ ಅಕ್ಕ ಬಾಯಿ ತಗದು
ಹಲ್ಲು ಕಿತ್ತ ಜಾಗ ತೋರಿಸಿದಳು.
ನಾ ಮೊಬೈಲಿನ ಬೆಳಕು ಹಾಕಿ
ಬಗ್ಗಿ ನೋಡಿದೆ.