ಯಾರೂ ಒಯ್ಯದ ಫೋಟೊ

ಮುಜಾವರನ ಮೊಮ್ಮಗ ಬಂದಿದ್ದ ನಿನ್ನೆ,
ಸ್ಟುಡಿಯೋ ಖಾಲಿ ಮಾಡ್ಲಿಕ್ಕತ್ತಾರಂತ.
ರೊಕ್ಕ ಕೊಟ್ಟು, ಪಾವತಿ ತಗೊಂಡು,
ತಿರುಗಿ ಬರದವರ ಫೋಟೊ,
ಎರಡು ನೂರಾ ಹದಿನೇಳು,
ನನ್ನ ಬೀಡಿ ಕಟ್ಟೋ ಮೊರದಾಗ ಸುರುವಿ
"ಇವು ನಿಮ್ಮವೇ ಅಲ್ಲೇನು ಅಜ್ಜಿ?" ಅಂದ.

ನನ್ನವೇ.
ಎಲ್ಲಾದ್ರಾಗೂ ನಾನದೀನಿ.
ಹುಡುಕಬ್ಯಾಡ್ರಿ, ಸಿಗೂದಿಲ್ಲ.
ನಡುವ ನಿಂತದಲ್ಲ ಕಂದು ಕರಡಿ,
ಒಂದು ಕಿವಿ ಜೋತದಲ್ಲ,
ಅದರ ಹೊಟ್ಟಿಯೊಳಗ.

ಎಂಬತ್ತೇಳರ ಪಾಡ್ಯಾಕ್ಕ ಶುರು ಆಯ್ತು ಆನಂದಲೋಕ,
ಸೋಲಾಪುರ ಬಿಟ್ಟು ಹೋಟಗಿ ಹಾದಿ ಹಿಡಿದರ ಎಡಕ್ಕ,
ಚಾದರದ ಯೆಮುಲ ಶೇಠಂದು ಹದಿನಾಲ್ಕು ಎಕರೆ ಕರಿಮಣ್ಣು.
ಈ ಫೋಟೊದಾಗ ಗಿಡ ಇನ್ನೂ ಮೊಣಕಾಲೆತ್ತರ,
ಗಿಡಕ್ಕಿಂತ ಅದರ ಮುಳ್ಳಬೇಲಿ ದೊಡ್ಡದು.
ಇದರಾಗ ಸಿಮೆಂಟಿನ ಡೈನೋಸಾರ್,
ಗಣಪತಿ ಮಾಡೋ ಮಾನಯ್ಯ ಮಾಡಿದ್ದ,
ಅದಕ್ಕ ನೋಡ್ರಿ, ಕಣ್ಣಾಗ ಅಷ್ಟು ಕರುಣಾ.
ಇದು ಪುಟಾಣಿ ರೈಲು, ಮೂರು ಡಬ್ಬಿ.
ಮುಂಬೈ ಅಂತ ಒಂದು ಹಲಗಿ, ಮದ್ರಾಸ್ ಅಂತ ಒಂದು,
ನಡುವ ನಲವತ್ತು ಹೆಜ್ಜಿ, ಒಂದು ಬೇವಿನ ಸಸಿ.

ತೊಟ್ಟಿಲಗಾಲಿಗೆ ಮುಚ್ಚಿದ ಮಿಲ್ಲಿನ ಮೋಟಾರು.
ಪಾರ್ಕ್ ಮುಚ್ಚೋ ಹೊತ್ತಿಗೆ ಹೊಡೀತಿದ್ದುದೂ
ಅದೇ ಮಿಲ್ಲಿನ ಭೋಂಗಾ.
ಕೈಯಾಗ ಐಸ್‌ಕ್ರೀಮ್ ಹಿಡಿದಿದ್ದ ಮುದುಕರು ಕೆಲವರು
ಗಡಿಯಾರ ಇಲ್ಲದ ಮಣಿಕಟ್ಟು ನೋಡಿಕೊಂಡು
ಗಡಬಡಿಸಿ ಎದ್ದು ನಿಲ್ತಿದ್ರು.

ವೇಷ ಮದ್ರಾಸಿನಿಂದ ಬಂದಿತ್ತು.
ಗಂಡಸರಿಗೆಲ್ಲ ಗಿಡ್ಡ ಆಯ್ತು,
ನನಗ ಸರಿ ಹೊಂದಿತು.
ಸಾವಿರ ಬೀಡಿಗೆ ಸಿಗೂದಕ್ಕಿಂತ ಎರಡು ರೂಪಾಯಿ ಹೆಚ್ಚು,
ಮ್ಯಾಲ ಒಂದು ಸೋಡಾ.
ನಿಯಮ ಒಂದೇ: ಕರಡಿ ಮಾತಾಡಬಾರದು.
ಬರೂ ಮಂದಿ ಮರಾಠಿ, ತೆಲುಗು, ಉರ್ದು, ನಮ್ಮ ಕನ್ನಡ.
ಬಾಯಿ ಬಿಟ್ಟರ ಒಬ್ಬರಿಗೆ ಕರಡಿ,
ಉಳಿದ ಮೂವರಿಗೆ ಬರೇ ಒಬ್ಬಾಕಿ ಹೆಂಗಸು,
ಇದು ಶೇಠನ ಲೆಕ್ಕ.

ಈ ಮದುಮಕ್ಕಳನ್ನ ನೋಡ್ರಿ.
ಹಣಿ ಮ್ಯಾಲ ಬಾಸಿಂಗದ ದಾರದ ಗುರುತು.
ಒಬ್ಬರ ಕೈ ಒಬ್ಬರು ಹಿಡೀಲಿಕ್ಕೆ ನಾಚಿ
ಇಬ್ಬರೂ ನನ್ನ ಪಂಜಾ ಹಿಡಿದಾರ.
ಎಡಗೈಯವ ಬೆವತಿದ್ದ, ಬಟ್ಟಿ ದಾಟಿ ಗೊತ್ತಾಗಿತ್ತು.
ಇಲ್ಲಿ ಈ ಹುಡುಗಿ ಮೂಗು ಮುಚ್ಚಿಕೊಂಡದ,
"ಕರಡಿ ಬೀಡಿ ಸೇದ್ತದ ಅವ್ವಾ" ಅಂದಿತ್ತು.
ತಂಬಾಕಿನ ವಾಸನಿ ಉಗುರು ಬಿಡೂದಿಲ್ಲ, ಏನು ಮಾಡೂದು.
ಇದು ಏಪ್ರಿಲ್, ನೆರಳೇ ಇಲ್ಲ.
ಒಳಗ ನಾನು ಅಳ್ಳಿಕ್ಕತ್ತಿದ್ದೆ,
ಗಂಡನ ಮಿಲ್ಲಿಗೆ ಬೀಗ ಬಿದ್ದ ವಾರ.
ಅಥವಾ ಇದಲ್ಲ, ಇದರ ಮುಂದಿನದು.
ಹೊರಗ ನಗಿ ಒಂದೇ ನಮೂನಿ, ಹೊಲಿದದ್ದು.

ಅಲುಗಿ ಮಸುಕಾದ ಇದು ಮಾತ್ರ ಬ್ಯಾರೆ.
ನಗೆಗನ್ನಡಿ ಕೋಲಿ ಮುಂದ
ನಾಗಣಸೂರಿನ ಒಂದು ಕೂಸು ತಪ್ಪಿಸಿಕೊಂಡಿತ್ತು.
ಸುತ್ತ ನಿಂತವರು 'ರಡೂ ನಕೋ' ಅಂದ್ರು,
'ಏಡವಕು' ಅಂದ್ರು, 'ರೋ ಮತ್' ಅಂದ್ರು,
ಅಂದಷ್ಟೂ ಹುಯಿಲು ಏರ್ತು.
ನಾ ಬಗ್ಗಿ, ಹಲ್ಲಿನ ಹಿಂದಿನ ಜಾಳಿಗಿಯೊಳಗಿಂದ,
"ಅಳಬ್ಯಾಡೋ ತಮ್ಮಾ, ಇಲ್ಲೇ ಅದಾನ ನಿಮ್ಮಪ್ಪ."
ಗಪ್ಪಂತ ನಿಂತಿತು.
ಜಾಳಿಗಿಗೆ ಕಣ್ಣು ಹಚ್ಚಿ ಕೇಳಿತು,
"ನೀ ಯಾವೂರ ಕರಡಿ?"
"ಮೈಂದರಗಿ."
ನಗಿ ತಡೀಲಾರದೆ ಬಾಬುಮಿಯಾನ ಕೈ ಅಲುಗಿತು.
ಯಾರೋ ಚಾಡಿ ಹೇಳಿದ್ರು,
ಶೇಠ ಒಂದು ದಿನದ ಪಗಾರ ಹಿಡಿದ.

ಈಗ ಅಲ್ಲಿ ಗೋದಾಮು.
ಗೋಡಿ ಮ್ಯಾಲಿಂದ ಡೈನೋಸಾರಿನ ತಲಿ ಕಾಣ್ತದಂತ.
ನಾ ಹೋಗಿಲ್ಲ.

ಹೊರಡೂ ಮುಂದ ಹುಡುಗ ಫೋನ್ ಎತ್ತಿ
"ನಿಮ್ಮದೊಂದು ತಗೀಲೇನು ಅಜ್ಜಿ?" ಅಂದ.
ನಾ ಸೆರಗು ಸರಿ ಮಾಡ್ಕೋಬೇಕಂದೆ.
ಎರಡೂ ಕೈ ತಾವೇ ಎದ್ದು
ಅಗಲ ಆಗಿ ನಿಂತುಬಿಟ್ಟುವು, ಪಂಜಾ ಬಿಚ್ಚಿ.
ಮುಖ ಏನು ಮಾಡಬೇಕೋ
ತಿಳೀಲಿಲ್ಲ.