ನಾಲ್ಕು ನಿಮಿಷ ಹಿಂದೆ

ರಂಗಯ್ಯನದುರ್ಗದ ಕಾಡೆಂದರೆ ನೀವು ನೆನೆಯುವ ಕಾಡಲ್ಲ.
ಮಂಡಿಯೆತ್ತರದ ಬಾದೆ ಹುಲ್ಲು, ಕಮರ, ಕಾರೆ,
ಕಲ್ಲಿನ ಮೇಲೆ ಕಲ್ಲು, ಅದರ ಮೇಲೊಂದು ಓತಿಕ್ಯಾತ.
ಗುಡ್ಡದಾಚೆ ಗಾಳಿಯಂತ್ರಗಳು
ಹಗಲೆಲ್ಲ ಯಾರನ್ನೋ ಬಾ ಬಾ ಎಂದು ಕರೆಯುತ್ತವೆ.
ಯಾರೂ ಬರುವುದಿಲ್ಲ.

ದಿನಗೂಲಿ ವಾಚರ್ ನಾನು, ಬೋಸಯ್ಯ.
ಐದಕ್ಕೆ ಎದ್ದು, ರಾತ್ರಿಯ ಮುದ್ದೆ ಮಜ್ಜಿಗೆಗೆ ಕಿವುಚಿ ಕುಡಿದು,
ಹೆಗಲಿಗೆ ಕ್ಯಾನು ಏರಿಸಿ
ಸಿಮೆಂಟು ತೊಟ್ಟಿಗಳಿಗೆ ನೀರು ಮುಟ್ಟಿಸುತ್ತೇನೆ.
ಮೂರು ತೊಟ್ಟಿ. ಮೂರನೆಯದು ಸೋರುತ್ತದೆ;
ಸೋರಿದಲ್ಲಿ ಗೌಜಲಕ್ಕಿಗಳು ಕೆಸರು ಕೆದಕುತ್ತವೆಂದು
ದುರಸ್ತಿಗೆ ಬರೆದಿಲ್ಲ.

ಗಸ್ತು ಪುಸ್ತಕದಲ್ಲಿ ನಾಲ್ಕು ಮನೆ:
ತಾರೀಕು, ಹೊತ್ತು, ಜಾಗ, ಕಂಡದ್ದು.
ಕೊಂಡುಕುರಿಗೂ ನಾಲ್ಕು ಕೊಂಬು,
ಮುಂದಿನವೆರಡು ಹೆಬ್ಬೆರಳುದ್ದ.
ಅದು ಕಂಡವರ ಮಾತು.
ಹನ್ನೊಂದು ವರ್ಷದಲ್ಲಿ ನನಗೆ ದಕ್ಕಿದ್ದು
ಒಂದೇ ಕಡೆ ದಿನಾ ಹಾಕುವ ಹಿಕ್ಕೆಯ ಗುಡ್ಡೆ,
ಹುಲ್ಲು ಮಲಗಿದ ಬೆಚ್ಚನೆಯ ಗುಂಡಿ,
ಸರಕ್ ಎಂದ ಸದ್ದು. ಆರು ಸಲ, ಸದ್ದಿನ ಬೆನ್ನು.
ಪಾಲಯ್ಯಜ್ಜ ಹೇಳುತ್ತಿದ್ದ,
"ಕೊಂಡುಕುರೀನ ನೋಡಾದಲ್ಲ ಕಣಲೇ,
ಅದು ನಿನ್ನ ನೋಡ್ತೈತೆ ಅಂತ ತಿಳ್ಕಳಾದು."
ನಕ್ಕು, ಬೀಡಿ ಕೊಟ್ಟಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಹರಿಹರದಿಂದ
ಓದುವ ಹುಡುಗಿ ಹಾಜಿರಾ ಬಂದಳು.
ಮರಕ್ಕೆ ಹಸಿರು ಪಟ್ಟಿಯಲ್ಲಿ ಕ್ಯಾಮೆರಾ ಬಿಗಿದಳು.
ತಿಂಗಳಾದ ಮೇಲೆ ಕಾರ್ಡು ತೆಗೆದು
ಶೆಡ್ಡಿನ ಕಟ್ಟೆಯಲ್ಲಿ ಲ್ಯಾಪ್‌ಟಾಪು ಬಿಚ್ಚಿದಳು.

ನಾನು. ನಾನು. ಕ್ಯಾನು ಹೊತ್ತ ನಾನು.
ಕಾಲಿನ ಮುಳ್ಳು ಕೀಳುವ ನಾನು.
ಯಾರೊಡನೆಯೋ ಕೈಯಾಡಿಸಿ ಮಾತಾಡುವ ನಾನು,
ಚಿತ್ರದಲ್ಲಿ ಇನ್ಯಾರೂ ಇಲ್ಲ.
ಒಂದು ಕರಡಿಯ ಕುಂಡಿ. ಮತ್ತೆ ನಾನು.
ಮದುವೆಯಲ್ಲೂ ಇಷ್ಟು ಫೋಟೊ ತೆಗೆದಿರಲಿಲ್ಲ ನನ್ನದು.
ಅಂಗಿ ಬೆನ್ನಲ್ಲಿ ಹರಿದಿರುವುದು ಆವತ್ತೇ ಗೊತ್ತಾಯಿತು.

ಹಾಜಿರಾಳ ಬೆರಳು ನಿಂತಿತು.
ಆರು ಹತ್ತಕ್ಕೆ ನಾನು ಹೋದ ದಾರಿ.
ಆರು ಹದಿನಾಲ್ಕಕ್ಕೆ ಅದೇ ದಾರಿಯಲ್ಲಿ
ಅದು.
ನಾಲ್ಕೂ ಕೊಂಬು. ಒದ್ದೆ ಮೂಗು.
ಮುಂಗಾಲೊಂದು ಎತ್ತಿ, ನನ್ನ ಚಪ್ಪಲಿ ಗುರುತಿನ ಮೇಲೆ
ಊರಲೋ ಬೇಡವೋ ಎಂಬಂತೆ.
ಮರುದಿನ ಆರು ಎಂಟು; ಆರು ಹದಿಮೂರು.
ಅದರ ಮರುದಿನವೂ.
"ಅಣ್ಣಾ, ನೀವು ದಾಟೋದನ್ನೇ ಕಾಯ್ತೈತಲ್ಲ!"
ಕ್ಯಾನಿನಿಂದ ತುಳುಕಿದ ನೀರಿಗೋ,
ನಾನು ನಡೆದ ದಾರಿಯಲ್ಲಿ ಚಿರತೆ ಇರದೆಂಬ ಲೆಕ್ಕಕ್ಕೋ,
ಅವಳು ಏನೋ ಬರೆದುಕೊಂಡಳು.

ನಮ್ಮೂರ ಮಾರಿಯೂ ಹೀಗೇ ಬಂದಳಂತೆ
ಗೌಡನ ಗಾಡಿಯ ಹಿಂದೆ, ಗೆಜ್ಜೆ ಘಲಿರೆನಿಸುತ್ತ.
ತಿರುಗಿ ನೋಡಬೇಡ ಅಂದಿದ್ದಳು.
ನೋಡಿದ.
ಹಳ್ಳದ ದಂಡೆಯಲ್ಲೇ ಕಲ್ಲಾದಳು,
ಈಗಲೂ ಊರಿಗೆ ಮುಕ್ಕಾಲು ಮೈಲಿ ದೂರ.

ಎರಡನೇ ತೊಟ್ಟಿ ದಾಟಿದೊಡನೆ ನಾನೀಗ
ಹೆಜ್ಜೆ ತುಸು ನಿಧಾನ ಮಾಡುತ್ತೇನೆ.
ಬೀಡಿ ಬಿಟ್ಟಿದ್ದೇನೆ, ಆ ಹೊತ್ತಿಗೆ ಮಾತ್ರ.
ಬೆನ್ನಿನ ಹರಕಿನಲ್ಲಿ ಗಾಳಿ ಆಡುತ್ತದೆ.
ಟಿಟ್ಟಿಭ ಕೂಗಿ ಸುಮ್ಮನಾಗುತ್ತದೆ.
ಸರಕ್.
ಪುಸ್ತಕದ ನಾಲ್ಕನೇ ಮನೆಯಲ್ಲಿ ಬರೆಯುತ್ತೇನೆ: ಇಲ್ಲ.
ಸುಳ್ಳಲ್ಲ.

ರಾತ್ರಿ ಓಬಕ್ಕ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಾಳೆ,
"ಕತ್ತು ಯಾಕಿಂಗೆ ಮರಗಟ್ಟೈತೆ ನಿಂದು?
ಸ್ವಲ್ಪ ಇತ್ಲಾಗೆ ತಿರುಗು."