ಇಪ್ಪತ್ತೆರಡು ನಿಮಿಷ

ಹೆಸರು ಕ್ನೊಫ್ಲೀಕ್. ಚೆಕ್ ಭಾಷೆಯಲ್ಲಿ ಗುಂಡಿ.
ಅಂಗಿಗೆ ಹಾಕುವ ಗುಂಡಿ, ಬೀಳುವ ಗುಂಡಿಯಲ್ಲ.
ತೂಕ ಎರಡು ಕಿಲೋ ಆರುನೂರು ಗ್ರಾಂ.
ಇಲಿ ಹಿಡಿಯಲೆಂದೇ ಬೆಳೆಸಿದ ತಳಿ;
ಇವನೋ, ಇಲಿ ಕಂಡರೆ ಬೊಹುಮೀರನ ಚಪ್ಪಲಿಯ ಹಿಂದೆ.

ಬೊಹುಮೀರ್ ಬರ್ನೊ ಊರಲ್ಲಿ
ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವನು.
ಗಂಟೆ ಹೊಡೆಯುವುದು, ಕಾಯುವುದು, ಬಾಗಿಲು ಮುಚ್ಚುವುದು,
ಎಲ್ಲಕ್ಕೂ ಒಂದು ಹೊತ್ತು ಎಂದು ನಂಬಿದವನು.
ಗಂಡುನಾಯಿ ಕೇಳಿ ಫೋನು ಬಂದರೆ
ಅವನ ಮೊದಲ ಪ್ರಶ್ನೆ ಮಂಡಿಯದು:
ನಿಮ್ಮದರ ಚಿಪ್ಪು ಜಾರುತ್ತದೆಯೇ? ಡಾಕ್ಟರ ಸಹಿ ಇದೆಯೇ?
ಇದು ಎಷ್ಟನೇ ಬೆದೆ? ಹಿಂದಿನ ಹೆರಿಗೆ ಯಾವಾಗ?
ಮರಿಯನ್ನು ಯಾರೂ ಕೊಳ್ಳದಿದ್ದರೆ
ಅದು ಯಾರ ಮಂಚದ ಕೆಳಗೆ ಮಲಗುತ್ತದೆ?
ಹತ್ತರಲ್ಲಿ ಏಳು ಜನ
ಅಲ್ಲಿಗೇ ಫೋನಿಟ್ಟುಬಿಡುತ್ತಿದ್ದರು.

ಯಾರ್ಮಿಲಾ ಇಡಲಿಲ್ಲ. ಬರೆದುಕೊಳ್ಳಿ, ಅಂದಳು.

ಒಸ್ಟ್ರಾವಾದಿಂದ ರೈಲು. ಫೆಬ್ರವರಿ. ಕೋಟಿನೊಳಗೆ ತೆಚ್ಕಾ.
ತೆಚ್ಕಾ ಎಂದರೆ ಚುಕ್ಕಿ,
ಆಕಾಶದ್ದಲ್ಲ, ವಾಕ್ಯದ ಕೊನೆಗೆ ಇಡುವುದು.
ಹೆಣ್ಣೇ ಗಂಡಿನ ಮನೆಗೆ ಬರಬೇಕು;
ತನ್ನ ನೆಲದಲ್ಲಿ ಗಂಡಿಗೆ ಧೈರ್ಯ ಹೆಚ್ಚಂತೆ.
ಜಾತಕದ ಬದಲು ರಕ್ತದ ವರದಿ:
ಒಂಬತ್ತನೇ ದಿನ ಬೇಡ, ಹನ್ನೊಂದಕ್ಕೆ ಇನ್ನೂ ಬೇಡ,
ಹದಿಮೂರಕ್ಕೆ ಡಾಕ್ಟರು ಹೇಳಿದ್ದು, ಹೊರಡಿ.

ಅಡಿಗೆಮನೆಯ ನೆಲ. ಜಾರದಂತೆ ಹಳೇ ಕಂಬಳಿ.
ಮೂಸಿದ್ದು, ಗುರ್ ಎಂದದ್ದು, ಬಾಲ ಪಕ್ಕಕ್ಕೆ ಸರಿದದ್ದು,
ಒಂದು ಚಣ.
ಆಮೇಲೆ ಗಂಟು ಬಿತ್ತು,
ಬೆನ್ನಿಗೆ ಬೆನ್ನು, ಒಂದು ಮುಖ ಒಲೆಯತ್ತ, ಒಂದು ಬಾಗಿಲತ್ತ.
ಈಗ ಎಳೆಯಬಾರದು.
ಹೆದರಿ ಒಂದು ಜಿಗಿದರೆ ಎರಡಕ್ಕೂ ಗಾಯ.
ಅದಾಗಿ ಬಿಡುವವರೆಗೆ ಹಿಡಿದು ಕೂರಬೇಕು.

ಕೂತರು, ಪರಿಚಯವಿಲ್ಲದ ಇಬ್ಬರು, ಮಂಡಿಯೂರಿ.
ಅವರ ನಾಲ್ಕು ಮಂಡಿಗೂ
ಯಾವ ಡಾಕ್ಟರೂ ಸಹಿ ಹಾಕುವಂತಿರಲಿಲ್ಲ.
ಒಲೆಯ ಮೇಲೆ ಕಾಫಿಯ ನೀರು ಕುದಿದು ಕುದಿದು ಇಂಗಿತು.
ಏಳುವಂತಿಲ್ಲ.
ಅವಳು ನಾಯಿಯ ಕಿವಿ ನೇವರಿಸುತ್ತ ಹೇಳಿದಳು:
"ತೆಚ್ಕಾಳ ಮುಂಚೆ ಒಬ್ಬಳಿದ್ದಳು. ತೀರ ಪುಟ್ಟವಳು.
ಪಕ್ಕದ ಮನೆಯ ಗಂಡು, ನಾನು ಏನೂ ಕೇಳಲಿಲ್ಲ.
ಕೂಸು ದೊಡ್ಡದು, ದಾರಿ ಸಣ್ಣದು.
ರಾತ್ರಿ ಎರಡಕ್ಕೆ ಟ್ಯಾಕ್ಸಿ ಸಿಗಲಿಲ್ಲ."
ಬೊಹುಮೀರ್ ಸುಮ್ಮನೆ ಗಡಿಯಾರ ನೋಡಿದ.
ಇಪ್ಪತ್ತೆರಡು ನಿಮಿಷ.
ಅವನ ಟ್ರಾಮು ಡಿಪೋದಿಂದ ಕೊನೆಯ ನಿಲ್ದಾಣಕ್ಕೆ
ತೆಗೆದುಕೊಳ್ಳುತ್ತಿದ್ದಷ್ಟು.

ನಾಲ್ಕು ವಾರಕ್ಕೆ ಅವಳು ಕಳಿಸಿದ ಚಿತ್ರದಲ್ಲಿ
ಕಪ್ಪು ಪರದೆಯ ಮೇಲೆ ಮೂರು ಅವರೆಕಾಳು.
ಅದೇ ವಾರ ಕ್ನೊಫ್ಲೀಕನ ವಾರ್ಷಿಕ ತಪಾಸಣೆ.
ಸ್ಟೆತಸ್ಕೋಪು ಎದೆಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು.
ಬಡಿತ ಬಡಿತದ ನಡುವೆ ಒಂದು ಸುಯ್,
ಸರಿಯಾಗಿ ಮುಚ್ಚದ ಬಾಗಿಲ ಸಂದಿಯ ಗಾಳಿ.
ಬಾಗಿಲಿನ ವಿಷಯ ಅವನಿಗೆ ಹೇಳಿಕೊಡಬೇಕೇ.

ಇವನು ಬದುಕುತ್ತಾನೆ, ಅಂದರು ಡಾಕ್ಟರು.
ಇವನದನ್ನು ಇನ್ನು ಮುಂದೆ ಹಂಚಬೇಡಿ.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.
ರೂಲಿನ ಪುಸ್ತಕ ತೆಗೆದ: ನಾಲ್ಕು ಸೂಲು, ಹನ್ನೊಂದು ಮರಿ,
ಹನ್ನೊಂದು ಮನೆಯ ನಂಬರು ಅವನದೇ ಕೋಳಿಕಾಲಿನ ಅಕ್ಷರದಲ್ಲಿ.
ಹಳೆಯದರಿಂದ ಶುರುಮಾಡಿದ.
ಒಬ್ಬ ಬೈದ. ಒಬ್ಬಳು ಅತ್ತಳು.
ಒಬ್ಬರು ನಡುವೆಯೇ, ಊಟ ಆರುತ್ತಿದೆ, ಅಂದರು.
ಎರಡು ನಂಬರು ಈಗಿರಲಿಲ್ಲ.
ಕೊನೆಗೆ, ನೀರು ಕುಡಿದು, ಒಸ್ಟ್ರಾವಾ.

ಆ ತುದಿಯಲ್ಲಿ ಬಹಳ ಹೊತ್ತು ಏನೂ ಇಲ್ಲ.
ಆಮೇಲೆ: "ಅವನು ಹೇಗಿದ್ದಾನೆ?"

ಹಣ ಲಕೋಟೆಗೆ ಹಾಕಿ ವಾಪಸು ಕಳಿಸಿದ.
ಏಪ್ರಿಲಿನಲ್ಲಿ ಅರ್ಧ ತಿರುಗಿ ಬಂತು, ಜೊತೆಗೆ ಒಂದು ಕಾರ್ಡು:
ಮೂರೂ ಹೆಣ್ಣು. ನಾಲ್ಕಾಣೆ ತೂಕ ಹೆಚ್ಚಿಲ್ಲ.
ವರ್ಷ ವರ್ಷ ಎದೆ ಕೇಳಿಸುತ್ತೇನೆ. ಯಾವುದನ್ನೂ ಕೂಡಿಸುವುದಿಲ್ಲ.
ಉಳಿದರ್ಧ ಡಾಕ್ಟರಿಗೆ ಇಟ್ಟುಕೊಂಡೆ.
ಇದು ಸುಟ್ಟುಹೋದ ನಿಮ್ಮ ಕಾಫಿ ಪಾತ್ರೆಗೆ.

ಈಗಲೂ ಕರೆಗಂಟೆ ಬಾರಿಸಿದರೆ
ಕ್ನೊಫ್ಲೀಕ್ ಓಡಿಹೋಗಿ ಆ ಕಂಬಳಿಯ ಮೇಲೆ ನಿಲ್ಲುತ್ತಾನೆ,
ಎದೆ ಸೆಟೆದು, ಕಿವಿ ನಿಮಿರಿಸಿ,
ಬಂದದ್ದು ಅಂಚೆಯವನಾದರೂ.